ಓಟಿಪಿ ಕಾಟ

ಆಸ್ಪತ್ರೆಯ ಕಂಪ್ಯೂಟರಿಗೆ ಕಳ್ಳರು ಕನ್ನ ಹಾಕಿ, ನಲವತ್ತು ಸಾವಿರ ರೋಗಿಗಳ ವರದಿಗಳೂ ಸೇರಿ ಇದ್ದಬದ್ದದ್ದನ್ನೆಲ್ಲ ಹೊತ್ತೊಯ್ದು ಒಂಬತ್ತು ದಿನವಾಗಿತ್ತು. "ತಪ್ಪೆಲ್ಲ ನನ್ನದೇ" ಎಂದು ಟೈಪು ಮಾಡಿಸಿದ್ದ ಹಾಳೆಯನ್ನು ಎಂಡಿ ಸಾಹೇಬರು ವಾರಿಜಾಳ ಮುಂದೆ ಸರಿಸಿದರು.

"ನಾಳೆ ಕೋರ್ಟಿಗೆ ಯಾರದಾದ್ರೂ ಒಂದು ಹೆಸರು ಕೊಡ್ಬೇಕು. ಕಂಪ್ಯೂಟರ್ ಕಾಯೋದು ನಿನ್ನ ಕೆಲಸ ತಾನೆ? ಸೈನ್ ಮಾಡಮ್ಮ."

"ಕಳ್ಳರು ನುಗ್ಗಿದ್ದು ನಿಮ್ಮ ಲಾಗಿನ್‌ನಿಂದ ಸರ್. ಅದಕ್ಕೆ ಓಟಿಪಿ ಇರ್ಲೇಬೇಕು ಅಂತ ಮೂರು ಸಲ ಬರೆದಿದ್ದೆ. 'ನನಗೆ ಆ ಕಾಟ ಬೇಡ, ತೆಗೆದುಹಾಕು' ಅಂತ ನೀವೇ ಮೇಲ್ ಮಾಡಿದ್ರಿ."

"ಎಲ್ಲಿದೆ ಆ ಮೇಲ್? ತೋರಿಸು, ನೋಡೋಣ."

ಅದು ಮೊನ್ನೆ ಸೋಮವಾರವೇ ಆಸ್ಪತ್ರೆಯ ಎಲ್ಲ ಕಂಪ್ಯೂಟರುಗಳಿಂದ ಮಾಯವಾಗಿತ್ತು. ಅಳಿಸಲು ಹೇಳಿದ ಬಾಯಿ ಈಗ ನೆಮ್ಮದಿಯಾಗಿ ಕಾಫಿ ಹೀರುತ್ತಿತ್ತು.

ವಾರಿಜಾ ಪೆನ್ನು ಕೆಳಗಿಟ್ಟು, ತನ್ನ ಮೊಬೈಲನ್ನು ಅವರ ಕಡೆ ತಿರುಗಿಸಿದಳು.

"ನೀವು ಅಳಿಸೋಕೆ ಮುಂಚೇನೇ ಕಳ್ಳರು ಕದ್ದಿದ್ರಲ್ಲ ಸರ್. ಇವತ್ತು ಬೆಳಿಗ್ಗೆ ಎಲ್ಲಾನೂ ಇಂಟರ್ನೆಟ್‌ಗೆ ಹಾಕಿದ್ದಾರೆ. ನಮ್ಮಮ್ಮನ ಕ್ಯಾನ್ಸರ್ ರಿಪೋರ್ಟ್ ಪಕ್ಕದಲ್ಲೇ ಇದೆ, ನಿಮ್ಮ ಮೇಲ್."