ಉಳಿದಿದ್ದ ಒಂದು ಹೂವು

ಸೇವಂತಿಗೆಯ ಹಸಿ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಆ ಮಧ್ಯಾಹ್ನ ತಮಿಳು ಗಡಿಯ ತಳಿ ಊರಿನ ನಮ್ಮ ಮನೆ ಜಗಲಿಯಲ್ಲಿ ಮಕ್ಕಳೆಲ್ಲ ತಮಿಳು ಕಾಮಿಕ್ಸ್ ಬಿಚ್ಚಿಟ್ಟುಕೊಂಡು ಕೂತಿದ್ದೆವು. ಇಬ್ಬರು ಹೀರೋಗಳ ಹೊಡೆದಾಟದಲ್ಲಿ ಯಾರದು ಸರಿಯೋ ಅವನ ಚಿತ್ರದ ಮೇಲೆ ಒಬ್ಬೊಬ್ಬರೂ ಒಂದು ಸೇವಂತಿಗೆ ಹೂವಿಡಬೇಕು, ಅದೇ ಆಟ. ಎರಡೂ ಕಡೆ ಮೂರು ಮೂರು ಬಿದ್ದವು. ನನ್ನದೊಂದೇ ಉಳಿಯಿತು.

"ಬೇಗ ಹಾಕೇ," ಎಂದಳು ಚಿಕ್ಕಪ್ಪನ ಮಗಳು ಲತಾ.

ಒಳಗೆ ಹಿಂದಿನ ದಿನದ ಹೊಡೆದಾಟದ ಮೇಲೆ ಅಪ್ಪ, ಚಿಕ್ಕಪ್ಪನ ಜಗಳ ಬೆಳಗ್ಗಿನಿಂದ ನಿಂತಿರಲಿಲ್ಲ. ಹೂ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತದೆ, "ಇಬ್ರೂ ಒಳ್ಳೇವ್ರೇ ಅಲ್ವಾ, ಬುಡು ಮಗ," ಎಂದಳು.

ಅಪ್ಪ ಬಾಗಿಲಿಗೆ ಬಂದ. "ಬಾ ಇಲ್ಲಿ. ನಿನ್ನೆ ಮೊದ್ಲು ಕೈ ಎತ್ತಿದ್ದು ಯಾರು ಅಂತ ಯೋಳು."

ಎತ್ತಿದ್ದು ಅಪ್ಪ. ನಾನೂ ಲತಾಳೂ ಒಟ್ಟಿಗೆ ನೋಡಿದ್ದೆವು. ಹೂವನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು ಒಳಗೆ ಹೋದೆ.

"ಚಿಕ್ಕಪ್ಪನೇ," ಎಂದೆ.