ಮಾತಿನ ಬಾಲ

"ಕಾಲ್!" ಎಂದು ಕೂಗಿದ ಔಷಧಿ ಅಂಗಡಿಯಾಕೆ ತನ್ನ ಎರಡೂ ಎಲೆಗಳನ್ನು ಮೇಜಿನ ಮೇಲೆ ಮಗುಚಿದಳು. ಎರಡೂ ಎಕ್ಕ. "ಎಲ್ಲಾ ಇಟ್ರಲ್ಲ ಯಜಮಾನ್ರೇ, ನಾನೂ ಒಪ್ಪಿದೆ. ತೋರಿಸಿ ನಿಮ್ದು."

ಎದುರಿಗಿದ್ದ ಮುದುಕರು ತಮ್ಮ ಎಲೆಗಳ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು. ಪಣಕ್ಕಿಡುವ ಅವರ ಬಿಲ್ಲೆಗಳು, ಆ ಚಿಪ್ಸ್, ಒಂದೂ ಅಲುಗಿರಲಿಲ್ಲ. ಎಲೆ ಹಂಚುತ್ತಿದ್ದ ಪೋಸ್ಟ್‌ಮ್ಯಾನ್ ತಲೆ ಕೆರೆದುಕೊಂಡ. "ನನಗೆ 'ಎಲ್ಲಾ ಇಡ್' ಅನ್ನೋವರೆಗೆ ಕೇಳಿಸ್ತು. ಅಷ್ಟರಲ್ಲಿ ಯಾರೋ ಕುರ್ಚಿ ಎಳೆದ್ರು, ಮಾತಿನ ಬಾಲ ಹಾರಿಹೋಯ್ತು. ಇಡ್ತೀನಿ ಅಂದ್ರೋ, ಇಡ್ಲಾ ಅಂತ ಕೇಳಿದ್ರೋ, ದೇವರಿಗೇ ಗೊತ್ತು."

ಕ್ಲಬ್ಬಿನ ಪೋಕರ್ ಪಂದ್ಯದಲ್ಲಿ ಕೊನೆಗೆ ಉಳಿದಿದ್ದವರು ಇವರಿಬ್ಬರೇ. ತೀರ್ಪುಗಾರ್ತಿಯನ್ನು ಕರೆದರು. ಅವಳು ಆ ಮುದುಕರ ಸೊಸೆ.

"ನಾನು ಹೇಳಿದ್ರೆ ಚೆನ್ನಾಗಿರಲ್ಲ. ಬೇರೆ ಯಾರನ್ನಾದ್ರೂ ಕರೀರಿ," ಎಂದಳು ಅವಳು.

"ಬೇರೆ ಯಾರಿದ್ದಾರೆ? ಕಟ್ಟಿಕೊಂಡ ಗಂಡನನ್ನೇ ಸರದಿ ತಪ್ಪಿ ಮಾತಾಡಿದ ಅಂತ ಆಟದಿಂದ ಎಬ್ಬಿಸಿದೋಳು ನೀನು. ನೀನೇ ಹೇಳು," ಎಂದಳು ಔಷಧಿ ಅಂಗಡಿಯಾಕೆ.

ನಿಯಮ ಸರಳವಾಗಿತ್ತು. ತನ್ನ ಸರದಿಯಲ್ಲಿ ಬಾಯಿಬಿಟ್ಟು 'ಎಲ್ಲಾ ಇಡ್ತೀನಿ' ಎಂದರೆ ಮುಗಿಯಿತು, ಚಿಪ್ಸ್ ಮುಂದೆ ತಳ್ಳಿದಷ್ಟೇ ಗಟ್ಟಿ. ಕೇಳಿದ್ದು ಬರೀ ಪ್ರಶ್ನೆಯಾದರೆ ಅದಕ್ಕೆ ಕಟ್ಟುಪಾಡಿಲ್ಲ. ಎದುರಾಳಿಯ ಎಕ್ಕಗಳು ಈಗ ಎಲ್ಲರಿಗೂ ಕಂಡಿದ್ದವು. ಪ್ರಶ್ನೆ ಎಂದು ತೀರ್ಪಾದರೆ ಮಾವ ಸದ್ದಿಲ್ಲದೆ ಎಲೆ ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಉಳಿದುಕೊಳ್ಳಬಹುದು. ಇಲ್ಲವಾದರೆ ಪಂದ್ಯದ ಬಹುಮಾನದ ಕಪ್ ಕೈತಪ್ಪಿದ ಹಾಗೆಯೇ.

ಅದು ಪ್ರಶ್ನೆಯೇ ಎಂಬುದರಲ್ಲಿ ಸೊಸೆಗೆ ಅನುಮಾನವೇ ಇರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಗಡಿಯಾರ ರಿಪೇರಿ ಅಂಗಡಿಗೆ ಬಾಗಿಲು ಹಾಕಿ ಮಗನ ಮನೆಗೆ ಬಂದಾಗಿನಿಂದ ಮಾವನ ಬಾಯಲ್ಲಿ ಬರುತ್ತಿದ್ದುದು ಕೇಳುವ ಮಾತೇ. ಫ್ಯಾನ್ ಹಾಕ್ಲಾ? ಪೇಪರ್ ತಗೊಳ್ಲಾ? ಇನ್ನೊಂದು ಲೋಟ ಟೀ ಕುಡೀಲಾ? "ನಿಮ್ಮದೇ ಮನೆ ಮಾವ, ಕೇಳ್ಬೇಡಿ," ಎಂದು ಅವಳೂ ಹೇಳಿ ಹೇಳಿ ಸೋತಿದ್ದಳು. ನಾಲ್ಕು ಜನರ ನಡುವೆ ಕೂತರೆ ಸರಿಹೋದಾರು ಎಂದು ಈ ಕ್ಲಬ್ಬಿಗೆ ಎಳೆದುಕೊಂಡು ಬಂದವಳೂ ಅವಳೇ.

"ಮಾತು ಪೂರ್ತಿ ಯಾರಿಗೂ ಕೇಳಿಸಿಲ್ಲ. ಚಿಪ್ಸ್ ಅಲುಗಿಲ್ಲ. ಹಾಗಾಗಿ ಇದನ್ನ ಪ್ರಶ್ನೆ ಅಂತಲೇ..."

"ನೀನು ನನ್ನನ್ನ ಕೇಳ್ಲೇ ಇಲ್ವಲ್ಲಮ್ಮ," ಎಂದರು ಮಾವ.

ಅವಳು ಅಲ್ಲಿಗೇ ನಿಲ್ಲಿಸಿದಳು. ಕಿವಿಯವರೆಗೂ ಮುಖ ಕೆಂಪಾಯಿತು. ತೀರ್ಪುಗಾರ್ತಿ ಮೊದಲು ಮಾಡಬೇಕಾದ ಕೆಲಸವೇ ಅದು, ಆಟಗಾರನನ್ನು ಕೇಳುವುದು.

"ಹೇಳಿ ಮಾವ. ಏನಂದ್ರಿ?"

"ಎಲ್ಲಾ ಇಡ್ತೀನಿ ಅಂದೆ."

"ಸರಿಯಾಗಿ ನೆನಪು ಮಾಡ್ಕೊಳ್ಳಿ. ಅವರ ಎಲೆ ನೋಡಿದ್ರಲ್ಲ?"

"ನೋಡಿದೆ. ಎರಡು ಎಕ್ಕ. ನನ್ನ ಗ್ರಹಚಾರ." ಅವರು ಕನ್ನಡಕ ಸರಿಮಾಡಿಕೊಂಡರು. "ಹಾಗಂತ ಆಡಿದ ಮಾತನ್ನ ನುಂಗಿಕೊಳ್ಳೋಕಾಗುತ್ತಾ?"

ಸೊಸೆ ಮೇಜಿನ ಅಂಚು ಹಿಡಿದು ತೀರ್ಪು ಹೇಳಿದಳು. "ಮಾತು ಗಟ್ಟಿ. ಆಲ್ ಇನ್, ಎಲ್ಲಾ ಇಟ್ಟ ಹಾಗೇ. ಎಲೆ ತೋರಿಸಿ."

ಮಾವನ ಬಳಿ ಇದ್ದದ್ದು ಜೋಡಿ ರಾಣಿ. ಪೋಸ್ಟ್‌ಮ್ಯಾನ್ ಮೇಜಿನ ನಡುವೆ ಒಂದೊಂದಾಗಿ ಎಲೆ ಬಿಚ್ಚುತ್ತ ಹೋದ. ಮತ್ತೊಂದು ರಾಣಿ ಬಂದರೆ ಮುದುಕರೇ ಗೆದ್ದಾರು ಎಂದು ಸುತ್ತ ನಿಂತವರೆಲ್ಲ ಕತ್ತು ಚಾಚಿದರು. ಬರಲಿಲ್ಲ. ಕಪ್ ಔಷಧಿ ಅಂಗಡಿಯಾಕೆಯ ಪಾಲಾಯಿತು. ಆಕೆ ಅದನ್ನು ಎತ್ತಿಕೊಳ್ಳುವ ಮೊದಲು ಮೇಜು ಸುತ್ತಿ ಬಂದು ಮುದುಕರ ಕೈ ಹಿಡಿದು ಕುಲುಕಿದಳು.

ಸಂಜೆ ಅವಳ ಸ್ಕೂಟರಿನಲ್ಲಿ ಮಾವ ಹಿಂದೆ ಕೂತಿದ್ದರು. ಕೆಂಪು ದೀಪಕ್ಕೆ ಗಾಡಿ ನಿಂತಾಗ ಅವಳ ಭುಜ ತಟ್ಟಿದರು.

"ಮುಂದಿನ ಸಲ ಆ ತೀರ್ಪಿನ ಕೆಲಸ ಬೇರೆಯವರಿಗೆ ಬಿಡು."

ಅವಳು ತಟ್ಟನೆ ಹಿಂದೆ ತಿರುಗಿದಳು. "ಯಾಕೆ ಮಾವ? ಬೇಜಾರಾಯ್ತಾ?"

"ಬೇಜಾರೆಲ್ಲಿ ಬಂತು. ನೀನು ನನ್ನೆದುರಿಗೆ ಕೂತು ಆಡು. ನಿನ್ನ ಮುಖದಲ್ಲಿ ಸುಳ್ಳು ಅನ್ನೋದು ಒಂದು ಗಳಿಗೆನೂ ನಿಲ್ಲಲ್ಲ. ನಾನು ಸೋಲಬಾರ್ದು ಅನ್ನೋ ನಿನ್ನ ಆಸೆನ ಇವತ್ತು ಅಲ್ಲೇ ಓದಿಕೊಂಡುಬಿಟ್ಟೆ."

ನಗುವೋ ಅಳುವೋ, ಅವಳಿಗೆ ಎದುರಿನ ರಸ್ತೆಯೆಲ್ಲ ಮಸುಕಾಯಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯಲು ಶುರುಮಾಡಿದವು.

"ಹಸಿರು ಬಿತ್ತು," ಎಂದರು ಮಾವ. "ಹೊರಡು."