ಹತ್ತು ಮೀಟರ್ ವೈರು

ಹನುಮಕ್ಕ ಬಿದ್ದ ಸದ್ದಿಗಿಂತ ಮೊದಲು ಫೋಟೋಗ್ರಾಫರ್ ಫೈಸಲನಿಗೆ ಕೇಳಿಸಿದ್ದು ಸ್ಟ್ಯಾಂಡಿನ ಮೇಲಿದ್ದ ಫ್ಲ್ಯಾಶ್ ಉರುಳಿದ ಸದ್ದು. ಅವನು ಮೊದಲು ಓಡಿದ್ದೂ ಫ್ಲ್ಯಾಶಿನ ಕಡೆಗೇ. ಅದನ್ನೆತ್ತಿ ನಿಲ್ಲಿಸಿ ತಿರುಗಿದರೆ, ಮದುವಣಗಿತ್ತಿಯ ಅಜ್ಜಿ ಚಪ್ಪರದಡಿ ಅಡ್ಡಡ್ಡ ಬಿದ್ದಿದ್ದಳು. ಅಕ್ಷತೆಯ ತಟ್ಟೆ ಒಂದು ಕಡೆ, ಮುದುಕಿ ಒಂದು ಕಡೆ. ಕಾಲಿಗೆ, ಕ್ಯಾಮೆರಾದಿಂದ ಫ್ಲ್ಯಾಶಿಗೆ ಅವನು ಎಳೆದಿದ್ದ ಕಪ್ಪು ವೈರು ಸುತ್ತಿಕೊಂಡಿತ್ತು.

ಗಟ್ಟಿಮೇಳ ಎನ್ನಲು ಕೈಯೆತ್ತಿದ್ದ ಪುರೋಹಿತರು ಹಾಗೆಯೇ ನಿಂತರು. ಗಂಡಿನ ಕೈಯಲ್ಲಿ ತಾಳಿ ಇತ್ತು.

"ಮುಹೂರ್ತದಾಗೇ ಮನೆ ಹಿರೀಕ್ರು ಬಿದ್ರು. ಇದು ಆಗೋ ಸಂಬಂಧ ಅಲ್ಲ ಕಣ್ರೀ," ಎಂದ ಗಂಡಿನ ಸೋದರಮಾವ.

ಅರ್ಧ ಗಂಟೆಯಲ್ಲಿ ಗಂಡಿನವರ ಎರಡು ಬಸ್ಸೂ ದಂಡಿನಶಿವರ ದಾಟಿದ್ದವು. ಒಲೆಯ ಮೇಲೆ ಪಾಯಸ ಇನ್ನೂ ಕುದಿಯುತ್ತಿತ್ತು. ಹುಡುಗಿಯ ಅಪ್ಪ ಕರಿಯಣ್ಣ ಮಾತು ಕೊಟ್ಟರೆ ಮುಗಿಯಿತು, ಪ್ರಾಣ ಹೋದರೂ ತಪ್ಪದ ಮನುಷ್ಯ. ಅವನು ಚಪ್ಪರದ ಕಂಬ ಹಿಡಿದು ಕುಸಿದ. ತಿಪಟೂರಿನ ಆಸ್ಪತ್ರೆಯಲ್ಲಿ ಹನುಮಕ್ಕನ ಮುರಿದ ಸೊಂಟಕ್ಕೆ ರಾಡು ಹಾಕಿದರು.

ಯಾರೂ ಫೈಸಲನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತುರುವೇಕೆರೆಯ ತನ್ನ ಸ್ಟುಡಿಯೋದಲ್ಲಿ ಕುಳಿತು ಅವನೇ ತನ್ನನ್ನು ಬೈದುಕೊಂಡ. ಒಂದು ಹೆಣ್ಣಿನ ಮದುವೆ ಮುರಿದೆ, ಒಬ್ಬ ಮುದುಕಿಯ ಸೊಂಟ ಮುರಿದೆ. ಅದೂ ಯಾತಕ್ಕೆ? ಒಂದು ಫೋಟೋಕ್ಕೆ.

ವೈರಿಲ್ಲದ ಟ್ರಿಗರ್ ಅವನ ಬ್ಯಾಗಿನಲ್ಲೇ ಇತ್ತು. ಕ್ಯಾಮೆರಾದ ನೆತ್ತಿಗೊಂದು ತುಂಡು, ಫ್ಲ್ಯಾಶಿಗೊಂದು ತುಂಡು ಸಿಕ್ಕಿಸಿದರೆ ಸಾಕು, ಕ್ಯಾಮೆರಾ ಒತ್ತಿದಾಗ ಫ್ಲ್ಯಾಶ್ ತಾನೇ ಮಿಂಚುತ್ತದೆ. ಆದರೆ ಹಿಂದಿನ ತಿಂಗಳು ದಬ್ಬೇಘಟ್ಟದ ಒಂದು ಮದುವೆಯಲ್ಲಿ ಅದು ಕೈಕೊಟ್ಟಿತ್ತು. ಗಂಡಿನ ಕಡೆಯ ಫೋಟೋಗ್ರಾಫರನ ಟ್ರಿಗರೂ ಅದೇ ಚಾನೆಲ್ಲಿನದು. ಅವನು ಒತ್ತಿದಾಗಲೆಲ್ಲ ಇವನ ಫ್ಲ್ಯಾಶ್ ಸುಮ್ಮಸುಮ್ಮನೆ ಮಿಂಚಿ, ತಾಳಿ ಕಟ್ಟುವ ಹೊತ್ತಿಗೆ ಚಾರ್ಜಿಲ್ಲದೆ ಸುಮ್ಮನಾಯಿತು. ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಜನ ಸಹಿಸುತ್ತಾರೆ, ತಾಳಿಯ ಫೋಟೋ ಕಪ್ಪಾದರೆ ಸಹಿಸುವುದಿಲ್ಲ. ಅದಕ್ಕೇ ಈ ಸಲ ನಂಬಿಕೆಯ ವೈರನ್ನೇ ಎಳೆದ.

ಎಳೆಯುವಾಗಲೂ ಎಚ್ಚರವಾಗಿದ್ದ. ಯಾರೂ ಓಡಾಡದ ಗೋಡೆಯ ಬದಿ ನೋಡಿಯೇ ಎಳೆದಿದ್ದ. ಟೇಪು ಕೈಗೆತ್ತಿಕೊಂಡಾಗ ಹನುಮಕ್ಕ ಬಂದಿದ್ದಳು.

"ಇದು ತಾಳಿ ಕಟ್ಟೋಗಂಟ ಇಲ್ಲೇ ಇರ್ತದೇನಪ್ಪ?"

"ಹೂಂ ಅಜ್ಜಿ. ಟೇಪ್ ಹಾಕ್ಬುಡ್ತೀನಿ, ಯಾರೂ ಎಡವಲ್ಲ."

"ದೇವಸ್ಥಾನದ ಜಮಖಾನ ಕಣಪ್ಪ. ಅಂಟು ಹತ್ತಿದ್ರೆ ಹೋಗಕಿಲ್ಲ. ಹಂಗೇ ಬುಡು."

ಬಿಟ್ಟ. ಮುದುಕಿ ಹೇಳಿದಳೆಂದು ಬಿಟ್ಟೆನಲ್ಲ, ನನಗೆ ಬುದ್ಧಿ ಎಲ್ಲಿ ಹೋಗಿತ್ತು ಎಂದು ಈಗ ಹಣೆ ಹಣೆ ಚಚ್ಚಿಕೊಂಡ. ಮದುವಣಗಿತ್ತಿ ಮೋನಿಕಾಳ ಮುಖ ಬೇರೆ ಕಣ್ಣಮುಂದೆ ಬರುತ್ತಿತ್ತು. ಬೆಳಿಗ್ಗೆಯೇ ಅವಳ ಕಣ್ಣು ಊದಿದ್ದವು. "ಸ್ವಲ್ಪ ನಗಮ್ಮ" ಎಂದು ಅವನು ಹತ್ತು ಸಲ ಹೇಳಿದ್ದ. ತವರು ಬಿಡುವ ಹುಡುಗಿ ಅಳದೆ ಇರುತ್ತಾಳೆಯೇ? ಆ ಅಳುವಿಗೆ ತಾನು ಇನ್ನೊಂದಿಷ್ಟು ಸೇರಿಸಿದೆನೆಂದು ಅವನ ಸಂಕಟ. ಊಟ ಸೇರಲಿಲ್ಲ. ನೀವೇನು ಬೇಕೆಂದು ಮಾಡಿದ್ದಾ ಎಂದು ಹೆಂಡತಿ ಫರ್ಹಾ ಸಮಾಧಾನ ಹೇಳಿದರೂ ನಿದ್ದೆ ಹತ್ತಲಿಲ್ಲ.

ಇಪ್ಪತ್ತನೆಯ ದಿನ ತಡೆಯಲಾರದೆ ಬೈಕು ಹತ್ತಿ ಅವರ ಮನೆಗೆ ಹೋದ. ಕರಿಯಣ್ಣ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ.

"ಅಣ್ಣ, ಅವತ್ತು..."

"ಎದ್ದೋದೋರು ಅವ್ರು. ಮಾತು ತಪ್ಪಿದ್ದು ನಾನಲ್ಲ," ಎಂದ ಕರಿಯಣ್ಣ, ಕತ್ತೆತ್ತದೆ. "ಅವ್ವ ಒಳಗವ್ಳೆ, ಹೋಗು."

ಹನುಮಕ್ಕ ಮಂಚದ ಮೇಲಿದ್ದಳು. ಮೋನಿಕಾ ಟೀ ತಂದು, "ಸಕ್ರೆ ಸಾಕಾ ಅಣ್ಣ?" ಎಂದು ನಗುತ್ತಲೇ ಕೇಳಿದಳು. ಪಾಪ, ನೋವನ್ನೆಲ್ಲ ನುಂಗಿಕೊಂಡಿದೆ ಮಗು ಎಂದುಕೊಂಡ ಫೈಸಲ್. ತಲೆ ಎತ್ತಲೂ ಧೈರ್ಯವಾಗಲಿಲ್ಲ. ಅವಳು ಅಡುಗೆಮನೆಗೆ ಹೋದಮೇಲೆ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಅಜ್ಜಿ, ತಪ್ಪೆಲ್ಲ ನಂದೇ. ವೈರಿಲ್ದೇನೂ ಫ್ಲ್ಯಾಶ್ ಹೊಡಿತದೆ. ಆ ಸಾಮಾನು ನನ್ ಬ್ಯಾಗಲ್ಲೇ ಇತ್ತು. ನಾನು ಹಾಕ್ನಿಲ್ಲ. ನೀವು ನನ್ನ ಕ್ಷಮಿಸ್ಬೇಕು."

ಹನುಮಕ್ಕ ಗಾಬರಿಯಾದಳು. ಅಂಗಳದ ಕಡೆ ಕಿವಿಗೊಟ್ಟಳು. ಕಾಯಿ ಸುಲಿಯುವ ಸದ್ದು ನಿಂತಿರಲಿಲ್ಲ. ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಮೆಲ್ಲಗೆ ಮಾತಾಡು. ಈ ಮದ್ವೆ ಒಲ್ಲೆ ಅಂತ ಮೂರು ತಿಂಗ್ಳು ಅತ್ತವ್ಳೆ ನನ್ ಮೊಮ್ಮಗ್ಳು. ನನ್ ಮಗ ಯಾರ ಮಾತೂ ಕೇಳ್ನಿಲ್ಲ."

ಫೈಸಲ್ ಕಣ್ಣು ಬಿಟ್ಟು ನೋಡಿದ.

"ಆ ವೈರು ಇಲ್ದೇ ಹೋಗಿದ್ರೆ ನಾನು ಯಾವುದ್ನ ಎಡವಿ ಬೀಳ್ಬೇಕಾಗಿತ್ತು, ನೀನೇ ಹೇಳಪ್ಪ?"